ಬೆಟ್ಟವನ್ನು ಹಿಮ್ಮುಖವಾಗಿ ಹತ್ತಿದ ಪಿಕಪ್!

ಒಂದು ಒಗಟು. ಬಿಡಿಸಿ ನೋಡೋಣ!

ಒಂದು ಪಿಕಪ್ ಗಾಡಿ. ಹಿಂದೆ ಸರಕು ತುಂಬುವ ತೆರೆದ ಬಾಡಿ. ಆ ಬಾಡಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು. ಎರಡೂ ಹಿಂದಕ್ಕೆ ಮುಖ ಮಾಡಿವೆ! ತಲೆಯ ಮೇಲೆ ಸೂರಿಲ್ಲ. ಹಿಡಿದುಕೊಳ್ಳಲು ಹಿಡಿಗಳಿವೆ. ಯಾವ ಗ್ಯಾರೇಜಿನವನ ಕೈಚಳಕವೂ ಅಲ್ಲ, ಕಾರ್ಖಾನೆಯವರೇ ಬೆಸೆದು ಮಾರಿದ ಸೀಟುಗಳು. ಏಕೆ?

ಮಕ್ಕಳಿಗಾಗಿಯೇ? ಅಲ್ಲ. ಕೂಲಿಯವರಿಗಾಗಿಯೇ? ಅಲ್ಲ. ಬೇಟೆಗಾರರಿಗಾಗಿಯೇ? ಅದೂ ಅಲ್ಲ! ಒಂದು ಸುಳಿವು ಕೊಡುತ್ತೇನೆ: ಕೋಳಿ. ಹೌದು, ಕೋಳಿ! ಉತ್ತರ ಆಮೇಲೆ.

ಹಿರಿಯೂರಿನ ಹೆದ್ದಾರಿ ಕೂಡುವಲ್ಲಿ ಅರ್ಧ ಗಂಟೆ ನಿಂತು ನೋಡಿ. ಈರುಳ್ಳಿ ಹೊತ್ತ ಬೊಲೆರೊ ಪಿಕಪ್. ಎಳನೀರು ಹೊತ್ತ ಟಾಟಾ ಏಸ್. ಹೂವು, ಹುಲ್ಲು, ಗೊಬ್ಬರ, ಕುರಿ! ಎಲ್ಲವೂ ಇವುಗಳ ಬೆನ್ನ ಮೇಲೆ. ಪಕ್ಕದ ಬಬ್ಬೂರಿನ ರೈತರಿಗೆ ಪಿಕಪ್ ಹೊಸದೇನೂ ಅಲ್ಲ. ಆದರೆ ಇವುಗಳ ಪೂರ್ವಜರನ್ನು ನೋಡಿದ್ದೀರಾ? ನೋಡಿದರೆ ತೆರೆದ ಬಾಯಿ ಮುಚ್ಚಲಾರಿರಿ!

ಬನ್ನಿ, ಜಗತ್ತಿನ ವಿಚಿತ್ರ ಹಳೆಯ ಪಿಕಪ್‌ಗಳನ್ನೆಲ್ಲ ಬಬ್ಬೂರಿನ ರಸ್ತೆಗೆ ಕರೆಸಿ, ಒಂದರ ಹಿಂದೊಂದು ಮೆರವಣಿಗೆ ಹೊರಡಿಸೋಣ. ಮನಸ್ಸಿನಲ್ಲೇ! ಆದರೆ ಗಾಡಿಗಳು ಮಾತ್ರ ಅಪ್ಪಟ ನಿಜ.

ಮೊದಲು ಬರುವುದು ಯಜಮಾನ. ಫೋರ್ಡ್ ಮಾಡೆಲ್ ಟಿ! ಕಾರಿನ ಹಿಂಭಾಗ ಕತ್ತರಿಸಿ ಮರದ ಪೆಟ್ಟಿಗೆ ಕೂರಿಸುವುದು ಅಮೆರಿಕದ ರೈತರಿಗೆ ಆಗಲೇ ರೂಢಿಯಾಗಿತ್ತು. ಫೋರ್ಡ್ ಕಂಪನಿ ಅದನ್ನು ನೋಡಿತು. 1925ರ ಏಪ್ರಿಲ್‌ನಲ್ಲಿ ತಾನೇ ಉಕ್ಕಿನ ಬಾಡಿ ಜೋಡಿಸಿ ಮಾರಿತು. ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ ಫೋರ್ಡ್‌ನ ಮೊದಲ ಪಿಕಪ್!

ಬೆಲೆ ಊಹಿಸಿ. ಸಾವಿರ ಡಾಲರ್? ಇಲ್ಲ. ಐನೂರು? ಇನ್ನೂ ಇಳಿಯಿರಿ! 281 ಡಾಲರ್! ಬಾಡಿಯ ಉದ್ದ 56 ಇಂಚು, ಐದು ಅಡಿಯೂ ಇಲ್ಲ. ಎಂಜಿನ್ನಿನ ಶಕ್ತಿ 20 ಅಶ್ವಶಕ್ತಿ. ಆದರೂ ಮೊದಲ ವರ್ಷವೇ 30 ಸಾವಿರಕ್ಕೂ ಹೆಚ್ಚು ಗಾಡಿಗಳು ಹೋದವು!

ಅದನ್ನು ಓಡಿಸುತ್ತಿದ್ದ ಬಗೆ ಕೇಳಿ. ಕಾಲ ಕೆಳಗೆ ಮೂರು ಪೆಡಲ್. ಆಕ್ಸಿಲರೇಟರ್ ಯಾವುದು? ಒಂದೂ ಅಲ್ಲ! ಅದು ಸ್ಟೇರಿಂಗ್ ಪಕ್ಕದ ಕಡ್ಡಿ, ಕೈಯಲ್ಲೇ ಎಳೆಯಬೇಕು. ನಡುವಿನ ಪೆಡಲ್ ಬ್ರೇಕೇ? ಅಲ್ಲ, ರಿವರ್ಸ್! ಇಂದು ಮೂವತ್ತು ವರ್ಷ ಲಾರಿ ಓಡಿಸಿದ ಚಾಲಕ ಹತ್ತಿ ಕೂತರೂ ಹತ್ತು ಅಡಿ ಸಾಗುವುದು ಅನುಮಾನ.

ಇನ್ನೂ ಇದೆ! ಪೆಟ್ರೋಲ್ ಟ್ಯಾಂಕ್ ಸೀಟಿನ ಅಡಿಯಲ್ಲಿತ್ತು. ಪಂಪ್ ಇರಲೇ ಇಲ್ಲ. ಪೆಟ್ರೋಲ್ ತಾನಾಗಿ ಇಳಿದು ಎಂಜಿನ್ನಿಗೆ ಹರಿಯಬೇಕು. ಕಡಿದಾದ ಏರು ಬಂದರೆ? ಮೂತಿ ಮೇಲಾಯಿತು, ಟ್ಯಾಂಕ್ ಕೆಳಗಾಯಿತು, ಎಂಜಿನ್ ನಿಂತಿತು! ಚಾಲಕರು ಏನು ಮಾಡಿದರು? ಗಾಡಿ ತಿರುಗಿಸಿ, ರಿವರ್ಸ್ ಗೇರಿನಲ್ಲಿ ಬೆಟ್ಟ ಹತ್ತಿದರು! ರಿವರ್ಸ್ ಗೇರಿಗೇ ಎಳೆತ ಜಾಸ್ತಿ ಬೇರೆ. ಮಾರಿಕಣಿವೆಯ ಗುಡ್ಡವನ್ನು ಒಬ್ಬ ಹಿಮ್ಮುಖವಾಗಿ ಹತ್ತುತ್ತಿರುವುದನ್ನು ಊಹಿಸಿಕೊಳ್ಳಿ!

ಎರಡನೆಯದು ಆಸ್ಟ್ರೇಲಿಯಾದಿಂದ. ಇದು ಹುಟ್ಟಿದ್ದು ಒಂದು ಕಾಗದದಿಂದ! ಬರೆದವರು ಎಂಜಿನಿಯರ್ ಅಲ್ಲ. ವಿಕ್ಟೋರಿಯಾ ರಾಜ್ಯದ ಒಬ್ಬ ರೈತನ ಹೆಂಡತಿ. ಕಾರು ಮತ್ತು ಲಾರಿ ಎರಡನ್ನೂ ಕೊಳ್ಳುವ ಶಕ್ತಿ ನಮಗಿಲ್ಲ. ಭಾನುವಾರ ಮಳೆಯಲ್ಲಿ ನೆನೆಯದೆ ಚರ್ಚಿಗೆ ಹೋಗಬೇಕು, ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನು ಸಂತೆಗೆ ಸಾಗಿಸಬೇಕು, ಅಂಥದ್ದೊಂದು ಮಾಡಿಕೊಡಿ ಎಂದು ಆಕೆ ಕೇಳಿದರು.

ಕೆಲಸ ಬಿದ್ದದ್ದು ಫೋರ್ಡ್‌ನ ಗೀಲಾಂಗ್ ಕಾರ್ಖಾನೆಯ ಲೂ ಬ್ಯಾಂಟ್ ಎಂಬ ತರುಣ ವಿನ್ಯಾಸಕನಿಗೆ. ಇನ್ನೂ ಇಪ್ಪತ್ತರ ಹರೆಯ! 1934ರಲ್ಲಿ ಗಾಡಿ ಸಿದ್ಧ. ಮುಂದೆ ಮೆತ್ತನೆ ಸೀಟಿನ ಕಾರು, ಹಿಂದೆ ಸರಕಿನ ಬಾಡಿ, ಎರಡೂ ಒಂದೇ ಮೈಯಾಗಿ ಬೆಸೆದುಕೊಂಡಿವೆ. ಆಸ್ಟ್ರೇಲಿಯಾದವರು ಇಂದಿಗೂ ಪ್ರೀತಿಯಿಂದ ‘ಯೂಟ್’ ಎನ್ನುವ ಗಾಡಿಗಳೆಲ್ಲ ಇದರ ಸಂತಾನ. ಒಂದು ಹೆಣ್ಣುಮಗಳ ಕಾಗದ ಒಂದು ದೇಶದ ರಸ್ತೆಗಳ ರೂಪವನ್ನೇ ಬದಲಿಸಿತು!

ಮೂರನೆಯದು ಬಂತು. ಎದ್ದು ನಿಂತು ನೋಡಿ! ಮೂರೇ ಚಕ್ರ. ಮುಂದೆ ಮೋಟಾರ್ ಸೈಕಲ್ಲಿನ ಹ್ಯಾಂಡಲ್. ಹಿಂದೆ ಪಿಕಪ್ ಬಾಡಿ. ಮಾಜ್ದಾ ಗೋ! ಜಪಾನಿನ ಮಾಜ್ದಾ ಕಂಪನಿ ಮಾಡಿದ ಮೊದಲ ವಾಹನ ಕಾರಲ್ಲ, 1931ರ ಈ ಮೂರು ಚಕ್ರದ ಸರಕು ಗಾಡಿ.

ಅದರ ಕಾರ್ಖಾನೆ ಯಾವ ಊರಿನಲ್ಲಿತ್ತು? ಹೇಳಿ ನೋಡೋಣ.

ಹಿರೋಷಿಮಾ!

1945ರ ಆಗಸ್ಟ್ 6. ಅಣುಬಾಂಬ್ ಬಿತ್ತು. ನಗರ ಬೂದಿಯಾಯಿತು. ನಡುವೆ ಒಂದು ಗುಡ್ಡ ಅಡ್ಡ ಇದ್ದದ್ದರಿಂದ ಕಾರ್ಖಾನೆಯ ಬಹುಭಾಗ ಉಳಿಯಿತು. ಜಿಲ್ಲಾಡಳಿತವೇ ಬಂದು ಆ ಕಟ್ಟಡದಲ್ಲಿ ಕಚೇರಿ ನಡೆಸಿತು. ಮತ್ತೆ ಗಾಡಿ ತಯಾರಿಕೆ ಶುರುವಾಗಲು ಎಷ್ಟು ವರ್ಷ ಬೇಕಾಯಿತು? ಐದು? ಹತ್ತು? ನಾಲ್ಕು ತಿಂಗಳು! ಅದೇ ಡಿಸೆಂಬರ್‌ನಲ್ಲಿ ಮೂರು ಚಕ್ರದ ಗಾಡಿಗಳು ಮತ್ತೆ ಹೊರಬಂದವು. ಊರು ಮತ್ತೆ ಕಟ್ಟಲು ಕಲ್ಲು, ಮಣ್ಣು, ಮರ ಹೊರುವವರು ಬೇಕಿತ್ತಲ್ಲ!

ನಾಲ್ಕನೆಯದನ್ನು ಬಬ್ಬೂರು ಫಾರಂನ ಕೃಷಿ ಸಂಶೋಧಕರು ಓಡಿಬಂದು ನೋಡಬೇಕು! ಇದು ಲಾರಿಯೋ, ಟ್ರ್ಯಾಕ್ಟರೋ? ಎರಡೂ! ಜರ್ಮನಿಯ ಯೂನಿಮಾಗ್. ಯುದ್ಧ ಮುಗಿದ ಮೇಲೆ ಆಲ್ಬರ್ಟ್ ಫ್ರೀಡ್ರಿಕ್ ಎಂಬ ಎಂಜಿನಿಯರ್ ರೂಪಿಸಿದ್ದು. ನಾಲ್ಕೂ ಚಕ್ರ ಒಂದೇ ಅಳತೆ, ನಾಲ್ಕಕ್ಕೂ ಎಂಜಿನ್ನಿನ ಎಳೆತ. 25 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಮುಂದೆ ಕ್ಯಾಬಿನ್, ಹಿಂದೆ ಬಾಡಿ. ಬೆಳಿಗ್ಗೆ ಉಳುಮೆ, ಸಂಜೆ ಅದೇ ಗಾಡಿಯಲ್ಲಿ ಫಸಲು ತುಂಬಿ ಪೇಟೆಗೆ!

ಬೆರಗು ಇರುವುದು ಎಡ ಬಲ ಚಕ್ರಗಳ ನಡುವಿನ ಅಂತರದಲ್ಲಿ. 1270 ಮಿಲಿಮೀಟರ್. ಯಾಕೆ ಅಷ್ಟೇ? ಎರಡು ಸಾಲು ಆಲೂಗಡ್ಡೆಯ ಅಳತೆ ಅದು! ಗಿಡಕ್ಕೆ ಚಕ್ರ ತಾಗದಂತೆ ಹೊಲದಲ್ಲಿ ಸಾಗಬೇಕೆಂದು, ಮೊದಲು ಸಾಲಿನ ಅಳತೆ ಹಿಡಿದು ಆಮೇಲೆ ಗಾಡಿ ಕಟ್ಟಿದರು. ರಸ್ತೆಗಾಗಿ ಅಲ್ಲ, ಬೆಳೆಗಾಗಿ ಹುಟ್ಟಿದ ಗಾಡಿ!

ಐದನೆಯದು ಬರುತ್ತಿದೆ. ಮೂತಿಯೇ ಇಲ್ಲ! ಬಾನೆಟ್ ಎಲ್ಲಿ? ಚಾಲಕ ಎಂಜಿನ್ನಿನ ಮೇಲೆಯೇ ಕೂತಂತಿದೆ! ಇದು ಜೀಪ್ ಎಫ್‌ಸಿ-150. 1956ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಹೊರತಂದದ್ದು, ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಇಡೀ ಗಾಡಿ ಸುಮಾರು 12 ಅಡಿ. ಅದರಲ್ಲಿ 6 ಅಡಿಗೂ ಹೆಚ್ಚು ಬರೀ ಸರಕಿನ ಬಾಡಿ! ಪುಟ್ಟ ಜೀಪಿನ ಗಾಲಿಗಳ ಮೇಲೆ ಲಾರಿಯ ಹೊಟ್ಟೆ.

ಭಾರವೆಲ್ಲ ಮುಂದೆ ಬಿತ್ತು. ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಮೇಲೇಳುವ ಅಪಾಯ! ಏನು ಮಾಡಿದರು? ಹಿಂದಿನ ಬಂಪರ್ ಹತ್ತಿರ ನೂರು ಕಿಲೋ ಮೀರಿದ ಎರಕದ ಕಬ್ಬಿಣದ ಗಟ್ಟಿಯನ್ನೇ ಕೂರಿಸಿಬಿಟ್ಟರು! ಭಾರ ಹೊರಲು ಹುಟ್ಟಿದ ಗಾಡಿಗೆ, ನೆಟ್ಟಗೆ ನಿಲ್ಲಲೂ ಭಾರವೇ ಬೇಕಾಯಿತು.

ಅಮೆರಿಕದಲ್ಲಿ ಅದು 1965ಕ್ಕೆ ನಿಂತಿತು. ಕಥೆ ಮುಗಿಯಿತೇ? ಇಲ್ಲ! ಆ ಮೂತಿಯಿಲ್ಲದ ಜೀಪು ಎಲ್ಲಿ ಮರುಜನ್ಮ ಪಡೆಯಿತು ಗೊತ್ತೇ? ನಮ್ಮಲ್ಲೇ! ಮಹೀಂದ್ರ ಕಂಪನಿ ಅದನ್ನು ಭಾರತದಲ್ಲಿ ತಯಾರಿಸಿತು. ಅಮೆರಿಕದ ಸಂಗ್ರಹಕಾರರು ಕಣ್ಣಿಗೆ ಒತ್ತಿಕೊಳ್ಳುವ ಆ ಆಕಾರ ನಮ್ಮ ರಸ್ತೆಗಳಲ್ಲಿ ಸದ್ದಿಲ್ಲದೆ ಸಿಮೆಂಟ್ ಮೂಟೆ ಹೊತ್ತು ತಿರುಗಿತು!

ಆರನೆಯದರ ಪಕ್ಕಕ್ಕೆ ಬನ್ನಿ. ಹಿಂದಕ್ಕಲ್ಲ, ಪಕ್ಕಕ್ಕೆ! 1961ರ ಶೆವರ್ಲೆ ಕಾರ್ವೇರ್ ರ‍್ಯಾಂಪ್‌ಸೈಡ್. ಬಾಡಿಯ ಪಕ್ಕದ ಗೋಡೆ ಕಳಚಿ ನೆಲದವರೆಗೆ ಇಳಿಯುತ್ತದೆ. ಇಳಿಜಾರು ಸಿದ್ಧ! ಡ್ರಮ್ಮನ್ನು ಎತ್ತಬೇಕಿಲ್ಲ, ಉರುಳಿಸಿ. ತಳ್ಳುಗಾಡಿಯನ್ನು ಹೊರಬೇಕಿಲ್ಲ, ತಳ್ಳಿ. ನಮ್ಮ ಎಪಿಎಂಸಿ ಹಮಾಲರು ಇದನ್ನು ಕಂಡಿದ್ದರೆ ಆರತಿ ಎತ್ತುತ್ತಿದ್ದರು!

ಇಷ್ಟು ತಗ್ಗಾದ ನೆಲ ಹೇಗೆ ಸಾಧ್ಯವಾಯಿತು? ಎಂಜಿನ್ ಮುಂದಿಲ್ಲ. ಹಿಂದೆ, ಬಾಡಿಯ ಕೊನೆಯಲ್ಲಿ, ನೆಲದ ಅಡಿ ಅಡಗಿದೆ! ಆರು ಸಿಲಿಂಡರ್. ರೇಡಿಯೇಟರ್ ಇಲ್ಲ, ನೀರು ಬೇಕಿಲ್ಲ, ಗಾಳಿಯಲ್ಲೇ ತಣಿಯುತ್ತದೆ. ಇಂಥ ಜಾಣ ಗಾಡಿ ಎಷ್ಟು ಕಾಲ ಬಾಳಿತು? ನಾಲ್ಕೇ ವರ್ಷ. ಕೊನೆಯ ವರ್ಷ 1964ರಲ್ಲಿ ತಯಾರಾದದ್ದು ಬರೀ 851!

ಈಗ ಆ ಒಗಟಿನ ಗಾಡಿ ಬರಲಿ. ಹಿಂದಕ್ಕೆ ಮುಖ ಮಾಡಿದ ಸೀಟಿನದು! ಹೆಸರು ಸುಬಾರು ಬ್ರಾಟ್. ಜಪಾನಿನಿಂದ 1978ರ ಮಾದರಿಯಾಗಿ ಅಮೆರಿಕಕ್ಕೆ ಬಂದದ್ದು.

ಕೋಳಿ ಎಲ್ಲಿಂದ ಬಂತು? ಕೇಳಿ. 1960ರ ದಶಕದ ಆರಂಭ. ಅಮೆರಿಕದ ಅಗ್ಗದ ಕೋಳಿಮಾಂಸ ಯುರೋಪಿನ ಮಾರುಕಟ್ಟೆ ತುಂಬಿತು. ಯುರೋಪಿನವರು ಅದರ ಮೇಲೆ ಸುಂಕ ಏರಿಸಿದರು. ಅಮೆರಿಕ ಸಿಟ್ಟಾಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ತಿರುಗೇಟು ಕೊಟ್ಟರು. ಆಲೂಗಡ್ಡೆ ಪಿಷ್ಟ, ಬ್ರಾಂದಿ, ಜೊತೆಗೆ ಹೊರಗಿನಿಂದ ಬರುವ ಸಣ್ಣ ಸರಕು ಗಾಡಿ, ಎಲ್ಲದರ ಮೇಲೂ ಸುಂಕ! ಪಿಕಪ್ ಮೇಲಿನ ಸುಂಕ ಎಷ್ಟು? ಶೇಕಡ 25! ಜಗತ್ತು ಅದನ್ನು ಕರೆದದ್ದೇ ‘ಕೋಳಿ ತೆರಿಗೆ’ ಎಂದು.

ಕಾರಿನ ಮೇಲಿನ ಸುಂಕ ಮಾತ್ರ ತೀರಾ ಕಡಿಮೆ. ಸುಬಾರು ತಲೆ ಓಡಿಸಿತು. ಬಾಡಿಯಲ್ಲಿ ಎರಡು ಸೀಟು ಬೆಸೆಯಿತು. ಸೀಟಿದೆ, ಜನ ಕೂರುತ್ತಾರೆ, ಹಾಗಾದರೆ ಇದು ಸರಕು ಗಾಡಿಯಲ್ಲ, ಪ್ರಯಾಣಿಕರ ಕಾರು! ಕೋಳಿ ತೆರಿಗೆ ತಪ್ಪಿತು!

ಆ ಗಾಡಿಯನ್ನು ಯಾರು ಕೊಂಡಿದ್ದರು ಊಹಿಸಿ. ಸಿನಿಮಾ ನಟ? ಸರಿ. ರಾಜಕಾರಣಿ? ಅದೂ ಸರಿ! ಮುಂದೆ ಅದೇ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್! ಕ್ಯಾಲಿಫೋರ್ನಿಯಾದ ತಮ್ಮ ತೋಟದಲ್ಲಿ ಅವರು ಒಂದು ಬ್ರಾಟ್ ಇಟ್ಟುಕೊಂಡಿದ್ದರು. ಇನ್ನೊಂದು ಮಾತು: 1964ರಲ್ಲಿ ಜಾರಿಗೆ ಬಂದ ಪಿಕಪ್ ಮೇಲಿನ ಆ ಶೇಕಡ 25ರ ಸುಂಕ, ಕೋಳಿ ಜಗಳ ಮರೆತುಹೋದ ಮೇಲೂ ದಶಕಗಳ ಕಾಲ ಉಳಿಯಿತು!

ಮೆರವಣಿಗೆಯ ಕೊನೆಯದು. ಇದನ್ನು ನೀವು ನೋಡಿದ್ದೀರಿ! ಮುಂದೆ ಒಂದೇ ಚಕ್ರ, ಹಿಂದೆ ಎರಡು, ಉಬ್ಬಿದ ಮೂತಿ, ಹಿಂದೆ ಬಾಡಿ. ಟೆಂಪೋ ಹಾನ್ಸೀಟ್! ಜರ್ಮನಿಯ ಹ್ಯಾಂಬರ್ಗ್‌ನ ವಿಡಾಲ್ ಕಂಪನಿಯ ಸೃಷ್ಟಿ. ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೆ? ಹಿಂದಿನ ಎರಡನ್ನೇ? ಅಲ್ಲವೇ ಅಲ್ಲ! ಮುಂದಿನ ಒಂಟಿ ಚಕ್ರವನ್ನು! ದಾರಿ ತೋರುವುದೂ ಅದೇ, ಎಳೆಯುವುದೂ ಅದೇ. ಹಿಂದಿನ ಎರಡು ಬರೀ ಭಾರ ಹೊರುತ್ತವೆ.

ಜರ್ಮನಿಯಲ್ಲಿ ಇದರ ತಯಾರಿಕೆ 1950ರ ದಶಕದಲ್ಲೇ ನಿಂತಿತು. ಭಾರತದಲ್ಲಿ ಬಜಾಜ್ ಟೆಂಪೋ ಕಂಪನಿ ಹುಟ್ಟಿದ್ದು 1958ರಲ್ಲಿ. ಇಲ್ಲಿ ಹಾನ್ಸೀಟ್ ಯಾವಾಗಿನವರೆಗೆ ತಯಾರಾಯಿತು? 1970? 1980? ಹಿಡಿದುಕೊಳ್ಳಿ: 2000ನೇ ಇಸವಿಯವರೆಗೆ! ತವರು ಕೈಬಿಟ್ಟ ಮೇಲೂ ನಾಲ್ಕು ದಶಕ ಭಾರತದ ರಸ್ತೆ ಅದನ್ನು ಸಾಕಿತು!

ಗಮನಿಸಿದಿರಾ? ಅಮೆರಿಕ ಬಿಟ್ಟ ಜೀಪು ಇಲ್ಲಿ ಬದುಕಿತು. ಜರ್ಮನಿ ಬಿಟ್ಟ ಟೆಂಪೋ ಇಲ್ಲಿ ಬದುಕಿತು. ಜಗತ್ತಿನ ಎರಡು ಅಪರೂಪದ ಪಿಕಪ್‌ಗಳ ಎರಡನೆಯ ಮನೆ ನಮ್ಮ ನಾಡು!

ಹಾಗಾದರೆ ಅವೆಲ್ಲ ಎಲ್ಲಿ ಹೋದವು? ಇದೇ ನನ್ನ ಎದೆಗೆ ನಾಟುವ ಮಾತು. ಮಹಾರಾಜರ ಕಾರುಗಳು ಉಳಿದವು. ಅವುಗಳಿಗೆ ಶೆಡ್ ಇತ್ತು, ಹೊದಿಕೆ ಇತ್ತು, ಒರೆಸುವ ಕೈಗಳಿದ್ದವು. ಪಿಕಪ್‌ಗೆ ಏನಿತ್ತು? ಬಿಸಿಲು, ಕೆಸರು, ಲೋಡು! ಸಾಯುವತನಕ ದುಡಿಯಿತು. ಆಮೇಲೆ ಗುಜರಿಗೆ ಹೋಯಿತು. ಸಾವಿರಗಟ್ಟಲೆ ತಯಾರಾದ ಸರಕು ಗಾಡಿ ಇಂದು ರಾಜನ ಕಾರಿಗಿಂತ ಅಪರೂಪವಾಗಿದ್ದರೆ ಅದಕ್ಕೆ ಇದೇ ಕಾರಣ!

ಹಳೆಯ ವಾಹನಗಳ ಸೊಬಗು ಕಾಣಬೇಕೇ? ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಿ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋಗಿ. ಎರಡರ ಹಿಂದೆಯೂ ಇರುವುದು ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿ. ಹಿರಿಯೂರಿನವರಿಗೆ ದಾರಿ ಕೇಳುವ ಕಷ್ಟವೂ ಇಲ್ಲ. ನಿಮ್ಮೂರಿನ ಮೇಲೆ ಹಾಯುವ 150ಎ ಹೆದ್ದಾರಿಯೇ ಹುಳಿಯಾರು, ನಾಗಮಂಗಲ ದಾಟಿ ಶ್ರೀರಂಗಪಟ್ಟಣ ಮುಟ್ಟಿಸುತ್ತದೆ!

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ತೋಟದ ಮೂಲೆ, ಹಳೆಯ ರೈಸ್ ಮಿಲ್ಲಿನ ಹಿಂಭಾಗ, ತಾತನ ಕಾಲದ ಶೆಡ್ ಒಮ್ಮೆ ನೋಡಿ. ಮೂತಿಯಿಲ್ಲದ ಒಂದು ಮಹೀಂದ್ರ ಜೀಪು, ಮೂರು ಚಕ್ರದ ಒಂದು ಟೆಂಪೋ ತುಕ್ಕು ಹಿಡಿದು ಕೂತಿರಬಹುದು!

ಸಿಕ್ಕಿತೇ? ಗುಜರಿಯವನಿಗೆ ಫೋನ್ ಮಾಡಬೇಡಿ! ಆರ್‌.ಸಿ. ಪುಸ್ತಕ ಹುಡುಕಿ. ಬಣ್ಣ ಬಳಿಯಬೇಡಿ, ಭಾಗ ಕಳಚಬೇಡಿ, ಇದ್ದಂತೆಯೇ ನೆರಳಿಗೆ ತನ್ನಿ. ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ನಾಲ್ಕು ಚಕ್ರದ ಖಾಸಗಿ ಗಾಡಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ; ಸರಕು ಗಾಡಿಗೆ ಅದು ಅನ್ವಯಿಸುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ ನೋಡಿ. ಶುಲ್ಕ 20 ಸಾವಿರ ರೂಪಾಯಿ, ಅವಧಿ ಹತ್ತು ವರ್ಷ, ನಂಬರ್ ಪ್ಲೇಟಿನ ಮೇಲೆ ‘ವಿಎ’ ಎಂಬ ವಿಶೇಷ ಅಕ್ಷರಗಳು! ಬಾಡಿಗೆಗೆ ಓಡಿಸುವಂತಿಲ್ಲ. ಬೇಡವೂ ಬೇಡ, ಅದು ದುಡಿದದ್ದು ಸಾಕು. ಇನ್ನು ನಾವು ಅದನ್ನು ಉಳಿಸಿಕೊಳ್ಳಬೇಕು!