ಗಾಳಿಯೂರಿನಲ್ಲಿ ಕಾರಿಗೆ ನೆರಳು

ಪ್ರಶ್ನೆ: ಡೋಣಿಯ ಬಾಡಿಗೆ ಮನೆಯಂಗಳದಲ್ಲಿ ಕಾರಿಗೆ ತಾತ್ಕಾಲಿಕ ಆಸರೆ ಬೇಕು. ತಾಡಪತ್ರಿಯೋ, ತಗಡೋ, ನೆರಳು ಬಲೆಯೋ?

ಉತ್ತರ: ನೆರಳು ಬಲೆ. ಬಿಸಿಲು ನೋಡಿ ಆಯ್ದುಕೊಳ್ಳುವುದು ರೂಢಿ. ಡೋಣಿಯಲ್ಲಿ ಮೊದಲು ನೋಡಬೇಕಾದದ್ದು ಗಾಳಿಯನ್ನು. ಊರ ಹತ್ತಿರದ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ನೇರವಾಗಿ ತಾಗಿದರೆ ಚದರ ಮೀಟರಿಗೆ ಸುಮಾರು 6 ಕಿಲೋ ಭಾರದಷ್ಟು ಒತ್ತಡ, 72 ಕಿ.ಮೀ. ಆದರೆ 24 ಕಿಲೋ. 15 ಚದರ ಮೀಟರಿನ ತಾಡಪತ್ರಿ ಅಂಥ ಗಾಳಿಯನ್ನು ಅಡಿಯಿಂದ ತುಂಬಿಕೊಂಡರೆ ಎಳೆತ 300 ಕಿಲೋ ದಾಟಬಲ್ಲದು. ಬಲೆಯ ಕಣ್ಣುಗಳಲ್ಲಿ ಗಾಳಿ ತೂರಿಹೋಗುವುದರಿಂದ ಆ ಎಳೆತ ತಗ್ಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಬಾಡಿಗೆ ಮನೆಯಲ್ಲಿ ನೆಲ ಅಗೆದು ಕಾಂಕ್ರೀಟ್ ಹಾಕುವಂತಿಲ್ಲವಾದ್ದರಿಂದ, ಬೋಲ್ಟ್ ಬಿಚ್ಚಿ ಒಯ್ಯಬಹುದಾದ ಪೈಪಿನ ಚೌಕಟ್ಟು ಮಾಡಿಸಿ, ನಾಲ್ಕೂ ಕಾಲಿಗೆ ಮರಳು ತುಂಬಿದ ಡ್ರಮ್ಮು ಬಿಗಿಯಿರಿ. 200 ಲೀಟರಿನ ಒಂದು ಡ್ರಮ್ಮು ಮರಳು 300 ಕಿಲೋ ಆಸುಪಾಸು ತೂಗುತ್ತದೆ.

ಬಲೆ ಮಳೆ ತಡೆಯದಲ್ಲ ಎನ್ನಬಹುದು. ನಿಜ. ಆದರೆ ಕಾರಿನ ಬಣ್ಣ ಮಳೆಗೆ ಅಂಜುವುದಿಲ್ಲ. ಅದನ್ನು ಮಂಕಾಗಿಸುವುದು, ಒಳಗಿನ ಪ್ಲಾಸ್ಟಿಕ್ಕು ಬಿರಿಯುವಂತೆ ಮಾಡುವುದು ಬಿಸಿಲು. ತಗಡು ಬಿಸಿಲು, ಮಳೆ ಎರಡನ್ನೂ ತಡೆಯುತ್ತದೆ, ಆದರೆ ಕಿತ್ತು ಹಾರಿದ ತಗಡು ನೆರೆಯವರ ಪಾಲಿಗೆ ಕತ್ತಿ. ಬರೀ ಹೊದಿಕೆ ಸಾಲದೇ? ಧೂಳು ಒಳಸೇರಿದ ಹೊದಿಕೆ ಗಾಳಿಗೆ ಬಡಿದಾಡುತ್ತ ಬಣ್ಣವನ್ನೇ ಉಜ್ಜಿ ಗೀರುತ್ತದೆ. ಕಂಬ ನಿಲ್ಲಿಸುವ ಮುನ್ನ ಮನೆ ಮಾಲೀಕರನ್ನು ಒಂದು ಮಾತು ಕೇಳಿ. ಬಿರುಗಾಳಿಯ ಲಕ್ಷಣ ಕಂಡ ಸಂಜೆ ಬಲೆ ಬಿಚ್ಚಿ ಮಡಿಚಿಡಿ.