ಕಿವಿಗೆ ಹೊಂದುವ ಹೆಡ್‌ಫೋನು, ಜೇಬಿಗೆ ಹೊಂದುವ ಆಂಪ್ಲಿಫಯರು

ರಾತ್ರಿ ಹತ್ತರ ಮೇಲೆ ಒಂದು ಕಚೇರಿ ಕೇಳಬೇಕೆಂಬ ಆಸೆ. ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುವ ಮಗ. ಹೀಗಾಗಿ ಹೆಡ್‌ಫೋನು ಕೊಳ್ಳಲು ಹೊರಡುತ್ತೀರಿ. ಅಂಗಡಿಯಾತನೋ, “ಜೊತೆಗೊಂದು ಆಂಪ್ಲಿಫಯರ್ ಇಲ್ಲದಿದ್ದರೆ ಸ್ವಾರಸ್ಯವೇ ಬರದು ಸ್ವಾಮಿ” ಎನ್ನುತ್ತಾನೆ. ಕೈಯಲ್ಲಿರುವುದು ಐದು ಸಾವಿರ ರೂಪಾಯಿ. ಹಂಚುವುದು ಹೇಗೆ?

ನನ್ನನ್ನು ಕೇಳಿದರೆ, ಹಂಚಲೇಬೇಡಿ. ಮೊದಲು ಹೆಡ್‌ಫೋನನ್ನೇ ಕೊಳ್ಳಿ. ನಾದದ ಗುಣ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಬಂದ ಸಂಕೇತವನ್ನು ಕೆಡಿಸದೆ ಬಲಪಡಿಸುವುದಷ್ಟೇ ಆಂಪ್ಲಿಫಯರಿನ ಕೆಲಸ. ಈ ವಿವೇಕ ನನಗೆ ಬಂದದ್ದು ದಂಡ ತೆತ್ತ ಮೇಲೆ. ಮಂದ್ರದ ನಾದ ಕೇಳಿಸದೆಂದು ಆಂಪ್ಲಿಫಯರ್ ತಂದೆ. ಕೊನೆಗೆ ನೋಡಿದರೆ, ನನ್ನ ಕನ್ನಡಕದ ಕಡ್ಡಿಯಿಂದಾಗಿ ಕಿವಿಯ ಮೆತ್ತೆ ಸರಿಯಾಗಿ ಕೂರದೆ, ಮೃದಂಗದ ಎಡಭಾಗದ ಗುಂಕಾರವೆಲ್ಲ ಸೋರಿಹೋಗುತ್ತಿತ್ತು!

ಹಾಗಾದರೆ ಆಂಪ್ಲಿಫಯರ್ ಯಾರಿಗೂ ಬೇಡವೇ? ಬೇಕು, ಕೆಲವರಿಗೆ. ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ. ಓಂ ಎಂಬುದು ವಿದ್ಯುತ್ತಿಗೆ ಒಡ್ಡುವ ತಡೆ. ಡೆಸಿಬೆಲ್ ಎಂಬುದು ಒಂದು ಮಿಲಿವ್ಯಾಟಿಗೆ ಎಷ್ಟು ಗಟ್ಟಿಯಾಗಿ ನುಡಿಯುವುದೆಂಬ ಲೆಕ್ಕ. (ಕೆಲವರು ಒಂದು ವೋಲ್ಟಿಗೆ ಎಂದು ಬರೆಯುತ್ತಾರೆ; ಎರಡನ್ನೂ ನೇರವಾಗಿ ಹೋಲಿಸಬಾರದು.) ಹತ್ತು ಡೆಸಿಬೆಲ್ ಏರಬೇಕಾದರೆ ಹತ್ತರಷ್ಟು ಶಕ್ತಿ ಬೇಕು. ತನಿ ಆವರ್ತನದ ಕ್ಷಣಮಾತ್ರದ ಬಿರುಸಿಗೆ 110 ಡೆಸಿಬೆಲ್ ಎಂದಿಟ್ಟುಕೊಳ್ಳಿ. 32 ಓಂನ, 100 ಡೆಸಿಬೆಲ್‌ನ ಹೆಡ್‌ಫೋನಿಗೆ 10 ಮಿಲಿವ್ಯಾಟ್, ಎಂದರೆ ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಸಾಕು. ಮೊಬೈಲು ಇಷ್ಟನ್ನು ಸಾಮಾನ್ಯವಾಗಿ ಕೊಟ್ಟೀತು. 50 ಓಂನ, 90 ಡೆಸಿಬೆಲ್‌ನದಾದರೆ 100 ಮಿಲಿವ್ಯಾಟ್, ಎಂದರೆ ಎರಡು ವೋಲ್ಟಿಗೂ ಮೇಲೆ. ಹಲವು ಮೊಬೈಲುಗಳು ಇಲ್ಲಿ ಕೈಸೋಲುತ್ತವೆ. ಅಂಥದನ್ನು ಮೆಚ್ಚಿದಿರಾದರೆ ಆಂಪ್ಲಿಫಯರಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಓಂ ದೊಡ್ಡದೆಂದ ಮಾತ್ರಕ್ಕೆ ಹೆದರಬೇಕಾದುದಿಲ್ಲ. ಹಿಂದಿನ ಸ್ಫಟಿಕ ರೇಡಿಯೋಗಳಿಗೆ ಆಂಪ್ಲಿಫಯರೇ ಇರಲಿಲ್ಲ; 2,000 ಓಂನ ಹೆಡ್‌ಫೋನುಗಳು ಆಂಟೆನಾ ಹಿಡಿದ ಅಲ್ಪ ಶಕ್ತಿಯಿಂದಲೇ ನುಡಿಯುತ್ತಿದ್ದವು. ಇನ್ನು ತಂತಿಯಿಲ್ಲದ ಬ್ಲೂಟೂತ್ ಬಗೆಯಲ್ಲಿ ಆಂಪ್ಲಿಫಯರು ಒಳಗೇ ಇರುತ್ತದೆ. ಅದಕ್ಕೆ ಬೇರೆಯದನ್ನು ಮಾರಬಂದರೆ ನಕ್ಕು ಮುಂದೆ ಸಾಗಿ.

ಬೆನ್ನು ತೆರೆದ ಹೆಡ್‌ಫೋನಿನಲ್ಲಿ ಹಾಡು ಬಯಲಲ್ಲಿ ಕೇಳಿದಂತೆ ಹಿತವಾಗಿರುತ್ತದೆ, ನಿಜ. ಆದರೆ ಫ್ಯಾನಿನ ಸದ್ದು ಒಳಬರುತ್ತದೆ, ನಿಮ್ಮ ಕಚೇರಿ ಮಗನ ಕೋಣೆಗೂ ಹೋದೀತು. ಮುಚ್ಚಿದ ಬಗೆಯೇ ನಮ್ಮ ಮನೆಗಳಿಗೆ ವಾಸಿ.

ಕೊಳ್ಳುವ ಮುನ್ನ ನಿಮಗೆ ಚೆನ್ನಾಗಿ ಪರಿಚಯವಿರುವ ಕಚೇರಿಯೊಂದನ್ನು ಹಾಕಿಸಿ ಕೇಳಿ. ಕನ್ನಡಕವಿದ್ದರೆ ತೊಟ್ಟೇ ಕೇಳಿ. ಹಾಡುವವರ ದನಿಯ ಹಿಂದೆ ತಂಬೂರಿಯ ಶ್ರುತಿ ಎಳೆ ಕಡಿಯದೆ ಕೇಳುತ್ತಿರಬೇಕು. ಸ, ಶ ಅಕ್ಷರಗಳು ಕಿವಿಗೆ ಚುಚ್ಚಬಾರದು. ಧ್ವನಿಯನ್ನು ಪೂರ್ತಿ ಏರಿಸುವ ಮೊದಲೇ ಸಾಕೆನಿಸಿದರೆ ಆಂಪ್ಲಿಫಯರಿನ ಹಣ ಉಳಿಯಿತು. ಪೂರ್ತಿ ಏರಿಸಿಯೂ ಸಾಲದೆನಿಸಿದರೆ, ಇನ್ನೊಂದು ಹೆಡ್‌ಫೋನನ್ನು ಹಾಕಿ ನೋಡಿ. ಎಲ್ಲದರಲ್ಲಿಯೂ ಸಾಲದೆನಿಸಿದರೆ ಕಿವಿಯ ವೈದ್ಯರನ್ನು ಕಾಣಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ರಲ್ಲಿ 4 ಗಂಟೆ ಮಾತ್ರ.