ಹದಿಮೂರು ಸಲ ಕಾಯ್ದ ಪದ

ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಕಥೆ ಕಟ್ಟುತ್ತ ಆಡುವ ಆಟಗಳಲ್ಲಿ ಮಾಂತ್ರಿಕನ ಪಾತ್ರವೊಂದುಂಟು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಹಳೆಯ ನಿಯಮಗಳಂತೆ ಅವನು ಪುಸ್ತಕ ನೋಡಿ ಮಂತ್ರವನ್ನು ಕಂಠಸ್ಥ ಮಾಡಿಕೊಳ್ಳುವನು. ಪ್ರಯೋಗಿಸಿದೊಡನೆ ಅದು ಮರೆತುಹೋಗುವುದು! ಶಿವಮೊಗ್ಗ ನಗರದ ಸಮೀಪ ತುಂಗಾತೀರದಲ್ಲಿರುವ ಮತ್ತೂರು ಹೆಸರಾಗಿರುವ ವೇದಾಧ್ಯಯನದ ಸಂಪ್ರದಾಯದಲ್ಲಿ ಇದಕ್ಕೆ ನೇರ ವಿರುದ್ಧವಾದ ಏರ್ಪಾಡು: ಗುರುಮುಖದಿಂದ ಕೇಳಿ ಕಲಿತದ್ದು ಜೀವಮಾನವಿಡೀ ಅಳಿಯಬಾರದು.

ಅದು ಹೇಗೆ ಸಾಧ್ಯ? ಮಂತ್ರದ ಪದಗಳನ್ನು 1, 2, 3 ಎಂದು ಗುರುತಿಸೋಣ. ಕ್ರಮಪಾಠದಲ್ಲಿ 1-2, 2-3 ಎಂದೂ, ಜಟಾಪಾಠದಲ್ಲಿ 1-2, 2-1, 1-2 ಎಂದೂ ಹೇಳಬೇಕು. ಘನಪಾಠದಲ್ಲಾದರೋ 1-2, 2-1, 1-2-3, 3-2-1, 1-2-3. ಅನಂತರ ಎರಡನೆಯ ಪದದಿಂದ ಮತ್ತೆ ಅದೇ ಸುತ್ತು. ವಾಚಕರು ಕಾಗದದ ಮೇಲೆ ಬರೆದು ಎಣಿಸಿ ನೋಡಲಿ: ನಡುವಿನ ಪ್ರತಿಯೊಂದು ಪದವೂ 13 ಸಲ ಬರುವುದು. ಸರದಿ ತಿರುಗಿದಾಗ ಸಂಧಿಯೂ ಸ್ವರವೂ ಬದಲಾಗುವುದರಿಂದ ನಾಲಿಗೆ ತಾನಾಗಿ ಮುಂದೋಡುವಂತಿಲ್ಲ.

ಗುಡುಗಿನ ಸಂಜೆ ಭದ್ರಾವತಿ ಆಕಾಶವಾಣಿಯನ್ನು ಮಧ್ಯಮ ತರಂಗದಲ್ಲಿ ಕೇಳಿದವರಿಗೆ, ಕರಕರ ಸದ್ದಿನಲ್ಲಿ ಮಾತೊಂದು ಮುಳುಗಿಹೋದ ಅನುಭವ ಉಂಟಷ್ಟೆ. ಅದನ್ನೇ ಮತ್ತೊಮ್ಮೆ ಹೇಳಿದ್ದರೆ ನಷ್ಟವಾಗುತ್ತಿರಲಿಲ್ಲ. ಸಂದೇಶಕ್ಕೆ ಹೆಚ್ಚಿನ ಅಂಕಿಗಳನ್ನು ಸೇರಿಸಿ ತಪ್ಪನ್ನು ಹಿಡಿದು ತಿದ್ದುವ ಸಂಕೇತಗಳನ್ನು ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು. ಅವರ ವಿಧಾನದಲ್ಲಿ 4 ಅಂಕಿಗಳ ಸಂದೇಶಕ್ಕೆ 3 ಕಾವಲು ಅಂಕಿಗಳು ಸಾಕು. ಅದರೆದುರು ಘನಪಾಠವು ಬಲು ದುಂದು. ಆದರೆ ಇಲ್ಲಿ ಲೆಕ್ಕವಿಡಬೇಕಾದುದು ಯಂತ್ರವಲ್ಲ, ಕಿವಿ. ಆದುದರಿಂದ ಈ ದುಂದು ಸಕಾರಣವೆಂದೇ ನನ್ನ ಮತ.

ಆದರೂ ಈ ಕಾವಲು ಮರೆವಿಗೆ ಮಾತ್ರ. ಗುರುವೇ ಪದವೊಂದನ್ನು ತಪ್ಪಾಗಿ ಹೇಳಿಕೊಟ್ಟಿದ್ದರೆ ಶಿಷ್ಯನು 13 ಸಲವೂ ತಪ್ಪಾಗಿಯೇ ಹೇಳುವನು. ಅದನ್ನು ಹಿಡಿಯಲು ಬೇರೊಬ್ಬ ಗುರುವಿನ ಶಿಷ್ಯನು ಪಕ್ಕದಲ್ಲಿ ಕುಳಿತಿರಬೇಕು.